ಹಳೇ ದೊಡ್ಡ ಗಾಡಿಯ ಮುಂದಿನ ಸೀಟು

ಗಾಡಿ ಹುಡುಕಲು ಹೋದವರಿಗೆ ಗಾಡಿ ಸಿಗುತ್ತದೆ, ನನಗೆ ಮಾತ್ರ ಯಾವಾಗಲೂ ಗಾಡಿ ಮಾರುವವರು ಸಿಗುತ್ತಾರೆ. ಈ ಪ್ರಸಂಗಗಳನ್ನು ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗಂತೂ ಇವತ್ತು ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಾನಾಗ ಅಂಬಿಕಾನಗರದ ವಿದ್ಯುತ್ ಕಾಲೊನಿಯಲ್ಲಿ ಫಿಟ್ಟರ್. ಮೊಬೈಲು ಆಗಷ್ಟೇ ಒಬ್ಬೊಬ್ಬರ ಕೈಗೆ ಬರುತ್ತಿದ್ದ ಕಾಲ. ನನ್ನ ಹೆಂಡತಿಯ ಅಕ್ಕನ ಮನೆ ಮುಂಡಗೋಡ ತಾಲೂಕಿನಲ್ಲಿ, ಸನವಳ್ಳಿಯಿಂದ ಸ್ವಲ್ಪ ಆಚೆ. ಅಕ್ಕನ ಹೊಸ ಮನೆಯ ಪೂಜೆಗೆಂದು ನಾವು ಎರಡು ಬಸ್ಸು ಬದಲಿಸಿ, ಕೊನೆಗೆ ಟೆಂಪೋದ ಹಿಂಭಾಗದಲ್ಲಿ ಎರಡು ಆಡುಗಳ ನಡುವೆ ಕುಳಿತು ಹೋದೆವು. ಅದೇ ತಿಂಗಳು ಹೊಸ ಸಣ್ಣ ಕಾರು ಕೊಂಡಿದ್ದ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನೆರೆದ ಮಂದಿಯ ಎದುರೇ ಮೂಗಿಗೆ ಸೆರಗು ಹಿಡಿದು, "ಏ ತಂಗಿ, ಮೊದಲ ಹಿತ್ತಲಕ್ಕ ಹೋಗಿ ಕೈಕಾಲ ತೊಳಕೊಂಡ ಬಾರವಾ. ಆಡಿನ ವಾಸನಿ ಹೊಡ್ಯಾಕತ್ತೈತಿ" ಅಂದಳು.

ನನ್ನ ಹೆಂಡತಿ ಹೊಸ್ತಿಲು ದಾಟಲಿಲ್ಲ. "ಇನ್ನ ಬಂದ್ರ ನಿನ್ನ ಕಾರಿಗಿಂತ ದೊಡ್ಡ ಗಾಡಿ ತಗೊಂಡ ಬರ್ತೇನಿ. ಮುಂದ ಕೂಡ್ತೇನಿ. ಊರ ಮಂದಿ ಎಲ್ಲಾ ನೋಡ್ಲಿ" ಅಂದವಳೇ ಹೊರಳಿ ನಡೆದಳು. ಹಿಂದಿರುಗಲು ಸಿಕ್ಕಿದ್ದೂ ಅದೇ ಟೆಂಪೋ. ಆಡುಗಳು ಇಳಿದಿದ್ದವು, ವಾಸನೆ ಇಳಿದಿರಲಿಲ್ಲ.

ಎರಡು ವರ್ಷ ಮಾತಿಲ್ಲ ಕತೆಯಿಲ್ಲ. ಆಮೇಲೆ ಅಕ್ಕನ ಬಸುರಿ ಮಗಳ ಕುಬಸದ, ಅಂದರೆ ಸೀಮಂತದ, ಕಾಗದ ಬಂತು. ಆ ಹುಡುಗಿ ಹೈಸ್ಕೂಲು ಮುಗಿಯುವವರೆಗೂ ನಮ್ಮ ಕ್ವಾರ್ಟರ್ಸಿನಲ್ಲಿ, ನನ್ನ ಹೆಂಡತಿಯ ಕೈತುತ್ತು ತಿಂದು ಬೆಳೆದವಳು. ಕಾಗದದ ಕೆಳಗೆ ತಾನೇ ಬರೆದಿದ್ದಳು: "ಸಣ್ಣವ್ವಾ, ನೀ ಬರಲಿಲ್ಲಂದ್ರ ನಾ ಹಸಿರ ಸೀರಿ ಉಡೂದಿಲ್ಲ." ಹೆಂಡತಿ ಓದಿ ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, "ಹೋಗಬೇಕು. ಆದ್ರ ಆಡಿದ ಮಾತ ತಪ್ಪಾಂಗಿಲ್ಲ. ಗಾಡಿ ನೋಡ್ರಿ" ಅಂದಳು. ಉಳಿದಿದ್ದದ್ದು ಒಂದೂವರೆ ತಿಂಗಳು.

"ನಮ್ಮ ರೊಕ್ಕಕ್ಕ ಒಂದ ಹಳೇ ಸಣ್ಣ ಕಾರ ಬರ್ತೈತಿ" ಅಂದೆ.

"ಸಣ್ಣದು ತಗೊಂಡ್ರ ಅಕಿಗೆ ಸಮ ಆಗ್ತೇನಿ. ನನಗ ಸಮ ಬ್ಯಾಡ."

ಸಣ್ಣ ಕಾರಿನ ದುಡ್ಡಿನಲ್ಲಿ ಸಾಹುಕಾರರ ಎಸ್‌ಯುವಿ ಬೇಕೆಂದರೆ, ಸಾಹುಕಾರರು ಸಾಕಪ್ಪಾ ಎಂದು ಬಿಟ್ಟದ್ದನ್ನೇ ಹುಡುಕಬೇಕು. ಹುಡುಕಿದೆ.

೧. ಡಾಕ್ಟರ್ ಗಾಡಿ

ಹಳಿಯಾಳದ ದಲ್ಲಾಳಿಯೊಬ್ಬ ನನ್ನ ಕಿವಿಯ ಹತ್ತಿರ ಬಂದು, ಹೆಣ್ಣು ತೋರಿಸುವವನ ದನಿಯಲ್ಲಿ ಹೇಳಿದ: "ಡಾಕ್ಟರ್ ಗಾಡಿ ಐತ್ರಿ."

ನಮ್ಮ ಕಡೆ ಈ ಎರಡು ಶಬ್ದಕ್ಕೆ ಬಂಗಾರದ ಬೆಲೆ. ಡಾಕ್ಟರ್ ಗಾಡಿ ಎಂದರೆ ಮೆಲ್ಲಗೆ ಓಡಿದ್ದು, ಹೊತ್ತಿಗೆ ಸರಿಯಾಗಿ ಎಣ್ಣೆ ಕಂಡದ್ದು, ಆಸ್ಪತ್ರೆಗೂ ಮನೆಗೂ ಬಿಟ್ಟರೆ ಬೇರೆ ದಾರಿ ಕಾಣದ್ದು. ಹೆಂಡತಿಯನ್ನು ಕರೆದುಕೊಂಡು ಅವನ ಹಿಂದೆ ಸಾಂಬ್ರಾಣಿಗೆ ಹೋದೆ. ಹೊರಗಿನಿಂದ ಗಾಡಿ ಪಳಪಳ. ಬಾಗಿಲು ತೆರೆದರೆ ಹಿಂದಿನ ಸೀಟುಗಳೇ ಇಲ್ಲ, ಹುಲ್ಲು ಹಾಸಿದೆ. ಚಾವಣಿಯಲ್ಲಿ ಎರಡು ತೂತು.

"ಇದೇನ್ರೀ ತೂತು?"

"ಕೋಡ ತಾಗಿದ್ದಾವ್ರಿ. ಸಾಹೇಬರು ದನದ ಡಾಕ್ಟರ್. ಬಾಳ ಕರುಣಾ ಇದ್ದ ಮನಷ್ಯಾ. ಜಡ್ಡಾದ ದನಾ ಗಾಡ್ಯಾಗ ಹಾಕ್ಕೊಂಡ ಹೋಗ್ತಿದ್ರು."

ಬಂದದ್ದಕ್ಕೆ ಒಂದು ಸುತ್ತು ಓಡಿಸಿ ನೋಡಿದೆ. ಊರ ನಡುವೆ ಹಾರ್ನ್ ಹೊಡೆದದ್ದೇ ತಡ, ದಾರಿಯಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆಗಳೆಲ್ಲ ಸೂಜಿಯ ನೆನಪಾಗಿ ಬಾಲವೆತ್ತಿ ಓಡಿದವು. ಒಬ್ಬ ಮುದುಕಿ ಕರು ಹಿಡಿದುಕೊಂಡು ಗಾಡಿಯ ಹಿಂದೆಯೇ ಬಂದು, "ಇದಕ್ಕ ನಿನ್ನಿಯಿಂದ ಭೇದಿ ಹತ್ತೇತ್ರೀ ಸಾಹೇಬ್ರ" ಅಂದಳು.

ನಾನು ದಲ್ಲಾಳಿಯ ಮೇಲೆ ಹರಿಹಾಯ್ದೆ. ಅವನು ಒಂದು ಚೂರೂ ಬೆದರಲಿಲ್ಲ. "ಡಾಕ್ಟರ್ ಅಂತ ಹೇಳಿದ್ನಿ, ಯಾರ ಡಾಕ್ಟರ್ ಅಂತ ನೀವು ಕೇಳ್ಲಿಲ್ಲ" ಅಂದ.

ಹೆಂಡತಿ ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. "ಆಡಿನ ವಾಸನಿಗೆ ಎರಡ ವರ್ಷ ಮಾತ ಬಿಟ್ಟೇನಿ. ಈಗ ಎಮ್ಮಿ ವಾಸನಿ ತಗೊಂಡ ಹೋಗ್ಲೇನು?"

೨. ಬರೀ ಆಸಾ

ಜೋಯಿಡಾದಲ್ಲಿ ಕೊಂಕಣಿ ಮಾತಾಡುವ ಜಮೀನುದಾರರೊಬ್ಬರು ಗೋವಾದಿಂದ ತಂದ ಗಾಡಿ ಮಾರುತ್ತಾರೆಂದು ತಿಳಿದು ಹೋದೆ. ಏಪ್ರಿಲ್ ತಿಂಗಳಾದರೂ ಆ ದಿನ ಧೋ ಎಂದು ಅಕಾಲ ಮಳೆ. ಗಾಡಿ ಕೊಟ್ಟಿಗೆಯೊಳಗೆ ಬೆಚ್ಚಗೆ ನಿಂತಿತ್ತು. ನಾನು ಸುತ್ತ ತಿರುಗಿ ನೋಡುತ್ತಿದ್ದಾಗ ಅವರು ತಮ್ಮ ಅಳಿಯನ ಕಡೆ ತಿರುಗಿ, ನಕ್ಕು, "ಗಾಡಿ ಬರಿ ಆಸಾ" ಅಂದರು. ಅಳಿಯನೂ ತಲೆಯಾಡಿಸಿ, "ಬರಿ ಆಸಾ" ಅಂದ.

ನನಗೆ ನೆತ್ತಿಗೇರಿತು. ಗಾಡಿ ಬರೀ ಆಸೆ! ನನ್ನ ಸವೆದ ಚಪ್ಪಲಿ ನೋಡಿ ಅಳೆಯುತ್ತಿದ್ದಾರೆ. "ಯಾರಿಗ್ರೀ ಬರೀ ಆಸೆ? ಬಡವ ಇರಬಹುದು, ಪುಕ್ಕಟೆ ಕೇಳಾಕ ಬಂದಿಲ್ಲ!" ಎಂದು ಕೂಗಿದೆ.

ಅವರು ಗಾಬರಿಯಾಗಿ ಕೈಮುಗಿದರು. "ಅಯ್ಯೋ, ಹಾಂಗಲ್ಲ ಮಾರಾಯ್ರೆ. ನಮ್ಮ ಕೊಂಕಣಿಯಲ್ಲಿ ಬರಿ ಆಸಾ ಅಂದ್ರೆ ಚಲೋ ಉಂಟು ಅಂತ ಅರ್ಥ."

ನಾಚಿಕೆಯಾಗಿ, ಅದನ್ನು ಮುಚ್ಚಿಕೊಳ್ಳಲು ಗಾಡಿ ಹೊರಗೆ ತೆಗೆಸಿದೆ. ಮಾಳಿಗೆಯಲ್ಲಿ ಗಾಜಿನ ಕಿಟಕಿ, ಸನ್‌ರೂಫ್! ಬೆಟ್ಟದ ಮೊದಲ ತಿರುವಿನಲ್ಲಿ ನನ್ನ ತಲೆಯ ಮೇಲೆ ಒಂದು ಹನಿ ಬಿತ್ತು. ಎರಡನೇ ತಿರುವಿನಲ್ಲಿ ಕೊಡ ಸುರಿದಂತೆ ಸುರಿಯಿತು. ಪಕ್ಕದಲ್ಲಿದ್ದ ಜಮೀನುದಾರರು ಸೀಟಿನ ಕೆಳಗಿನಿಂದ ಛತ್ರಿ ತೆಗೆದು, ರೂಢಿಯಿದ್ದವರಂತೆ ಒಳಗೇ ಬಿಚ್ಚಿ ಹಿಡಿದರು.

"ಇದೇನ್ರೀ ಅನ್ಯಾಯ! ಮಾಳಗಿ ಸೋರ್ತೈತಲ್ಲ!"

ಅವರು ಛತ್ರಿಯ ಅಡಿಯಿಂದ ಸಮಾಧಾನವಾಗಿ ಹೇಳಿದರು: "ಇದು ಸನ್ ರೂಫ್ ಅಲ್ವ? ರೇನ್ ರೂಫ್ ಅಂತ ಯಾರು ಹೇಳಿದ್ದು ನಿಮಗೆ?"

ಮೈಯೆಲ್ಲ ತೊಯ್ಸಿಕೊಂಡು ಮನೆಗೆ ಬಂದವನನ್ನು ಹೆಂಡತಿ ಕೇಳಿದಳು, ಗಾಡಿ ಹೆಂಗೈತಿ ಅಂತ. ಬರೀ ಆಸೆ ಅಂದೆ.

೩. ನೀವ ಅಕ್ಕ ಆಗ್ರಿ

ದಾಂಡೇಲಿಯ ಒಂದು ಗ್ಯಾರೇಜಿನಲ್ಲಿ ಮಾರಾಟಕ್ಕೆ ನಿಂತ ಗಾಡಿಗಳಿದ್ದವು. ಮಿಸ್ತ್ರಿ ಸಾಹೇಬರು ಪ್ರತಿಯೊಂದರ ಬಾನೆಟ್ ಎತ್ತಿ ಇಂಜಿನ್ ತೋರಿಸಲು ಹೊರಟರು. ನನ್ನ ಹೆಂಡತಿ ಆ ಕಡೆ ತಿರುಗಿಯೂ ನೋಡಲಿಲ್ಲ. ನೇರ ಮುಂದಿನ ಸೀಟು ಹತ್ತಿ ಕುಳಿತು, "ರೀ, ಹೊರಗ ನಿಂದರ್ರಿ. ನೀವ ಅಕ್ಕ ಆಗ್ರಿ" ಅಂದಳು.

"ಏನಾಗ್ಲಿ?"

"ಅಕ್ಕ ಆಗ್ರಿ. ಸ್ವಲ್ಪ ಬಗ್ರಿ, ಅಕಿ ನಿಮ್ಮಷ್ಟ ಎತ್ತರ ಇಲ್ಲ. ಮಾರಿ ಮ್ಯಾಲ ಮಾಡ್ರಿ."

ನಾನು ನಡು ಬಗ್ಗಿಸಿ ಮುಖ ಮೇಲೆ ಮಾಡಿ ನಿಂತೆ. ಅವಳು ಕಿಟಕಿಯಿಂದ ಕೆಳಗೆ ನೋಡಿ, "ಆರಾಮ ಇದೀಯೇನ ಅಕ್ಕಾ?" ಎಂದು ಬಿಗುಮಾನದಿಂದ ಕೇಳಿ ನೋಡಿದಳು. ಮೊದಲ ಗಾಡಿಯಲ್ಲಿ ನನ್ನ ತಲೆ ಅವಳ ಭುಜಕ್ಕೆ ಬಂತು. ನಪಾಸು. ಎರಡನೆಯದೂ ನಪಾಸು. ಮೂರು ಗಾಡಿ, ಮೂರು ಸಲ ಅಕ್ಕನಾಗಿ ನನ್ನ ಬೆನ್ನು ಹಿಡಿದುಕೊಂಡಿತು. ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಇದ್ದಿದ್ದರೆ ಯಾವ ಗಾಜೂ ಉಳಿಯುತ್ತಿರಲಿಲ್ಲ.

ಮಿಸ್ತ್ರಿ ಗಡ್ಡ ನೀವಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾಬ್, ಬಹೆನ್‌ಜೀ ಗಾಡಿ ನೋಡ್ಲಿಕ್ಕೆ ಬಂದಾರಾ, ಅಕ್ಕನ್ನ ನೋಡ್ಲಿಕ್ಕೆ ಬಂದಾರಾ?"

೪. ಕಿಲೋಮೀಟರ್ ಕಮ್ಮಿ

ಗ್ಯಾರೇಜಿನ ಹಿಂದೆ ತಾಡಪತ್ರಿ ಹೊದ್ದು ಇನ್ನೊಂದು ನಿಂತಿತ್ತು. ತೆಗೆದು ನೋಡಿದರೆ ಹಾಲಿನಂಥ ಬಿಳಿ, ಆನೆಯಂಥ ಅಗಲ, ಕಪ್ಪು ಗಾಜು. ನಾನು ಅಕ್ಕನಾಗಿ ನಿಂತೆ. ನನ್ನ ತಲೆ ಅವಳ ಮೊಣಕೈ ಮಟ್ಟಕ್ಕೂ ಬರಲಿಲ್ಲ. "ಇದ ಆಗ್ಲಿ" ಅಂದಳು. ಬೆಲೆಯೂ ನಮ್ಮ ಕೈಗೆ ಎಟಕುವಂಥದ್ದೇ. ಅದಕ್ಕೇ ನನಗೆ ಅನುಮಾನ ಬಂತು.

"ಯಾರ ಗಾಡಿ ಇದು?"

"ಮುಂಡಗೋಡ ಕಡೆ ಲೀಡರ್ ಸಾಹೇಬ್ರದು. ಇಲೆಕ್ಷನ್ ಸೋತ್ರು, ಮಾರಲಿಕ್ಕೆ ಬಿಟ್ಟಾರೆ."

"ಇಷ್ಟ ವರ್ಷದ ಗಾಡಿ, ಇಷ್ಟ ಕಮ್ಮಿ ಓಡೇತಿ. ಮೀಟರ್ ತಿರುವೀರೇನು?"

ಮಿಸ್ತ್ರಿ ಕಿವಿ ಮುಟ್ಟಿಕೊಂಡರು. "ತೋಬಾ ತೋಬಾ! ಮೀಟರ್ ಸಚ್ ಐತಿ ಸಾಬ್. ಆರಿಸಿ ಬಂದ ಮ್ಯಾಲೆ ಅವರು ಹಳ್ಳಿ ಕಡೆ ಹೋಗೇ ಇಲ್ಲ."

ಎಡಗಡೆಯ ಮುಂದಿನ ಗಾಜು ಕೆಳಗಿಳಿಯಲಿಲ್ಲ. ಕೆಟ್ಟಿದೆಯೇ ಎಂದು ಕೇಳಿದೆ. "ಕೆಟ್ಟಿಲ್ಲ ಸಾಬ್. ಅರ್ಜಿ ಕೊಡೋರು ಆ ಕಡೆಯಿಂದಲೇ ಬರ್ತಿದ್ರು. ಸಾಹೇಬ್ರೇ ಬಂದ್ ಮಾಡಿಸ್ಯಾರೆ."

ನಾನು ಲೀಡರನ ಜಾಣತನಕ್ಕೆ ನಕ್ಕು, ದುಡ್ಡು ಎಣಿಸಿ ಗಾಡಿ ತಂದೆ. ಆ ನಗುವಿಗೆ ಈಗ ನನಗೇ ಕಪಾಳಕ್ಕೆ ಬಾರಿಸಿಕೊಳ್ಳಬೇಕೆನಿಸುತ್ತದೆ.

೫. ಮುಂದ ಕೂತಾಳ

ಕುಬಸದ ದಿನ ಹೆಂಡತಿ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಹಸಿರು ಸೀರೆ, ಹಸಿರು ಬಳೆಗಳ ಪೊಟ್ಟಣ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ದಾರಿಯುದ್ದಕ್ಕೂ "ಆರಾಮ ಇದೀಯೇನ ಅಕ್ಕಾ?" ಎಂದು ಅಭ್ಯಾಸ ಮಾಡಿದಳು. ಸನವಳ್ಳಿ ದಾಟಿ ಅಕ್ಕನ ಊರಿನ ಬಾಯಿಗೆ ಬಂದೆವು. ಖಾಲಿ ಕೊಡ ಹೊತ್ತು ನಿಂತಿದ್ದ ಹೆಂಗಸರು ನಮ್ಮ ಗಾಡಿ ಕಂಡದ್ದೇ, "ಬಂದ್ನವಾ! ಬಂದಾ ನೋಡ್ರಿ!" ಎಂದು ಕೂಗುತ್ತ ಓಡಿಬಂದರು. ಹೆಂಡತಿ ಹಿಗ್ಗಿದಳು. "ನೋಡ್ರಿ, ನಮ್ಮನ್ನ ಕರಕೊಳ್ಳಾಕ ಬಂದಾರ."

ಅವರು ಗಾಡಿಯ ಮುಂದೆ ಕೊಡಗಳನ್ನು ಸಾಲಾಗಿ ಕುಕ್ಕಿದರು. ಬಾನೆಟ್ಟಿನ ಮೇಲೆ ಧಡಧಡ ಪೆಟ್ಟು ಬಿತ್ತು. "ಇಳೀ ಕೆಳಗ! ಓಟ ಇಸ್ಕೊಳ್ಳಾಗ ಗಾಜ ಇಳಸಿದ್ದಿ, ಈಗ ಇಳೀ!"

ನಾನು ಇಳಿದು, ಲೀಡರು ಗಾಡಿ ಮಾರಿದ್ದಾನೆ, ನಾನು ಫಿಟ್ಟರ್ ಎಂದೆ. "ಇಂವಾ ಅವನ ಪಿಎ!" ಎಂದು ಒಬ್ಬಳು ನನ್ನ ಅಂಗಿ ಹಿಡಿದಳು. ನಲ್ಲಿ ಹಾಕಿಸುತ್ತೇನೆಂದು ಪೈಪುಗಳನ್ನು ರಸ್ತೆ ಬದಿಗೆ ಇಳಿಸಿ, ಫೋಟೋ ತೆಗೆಸಿಕೊಂಡು ಹೋದ ಆ ಮನುಷ್ಯ ಮತ್ತೆ ಮುಖ ತೋರಿಸಿರಲಿಲ್ಲವಂತೆ. ಅವನಿಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ನಾನು ಕೇಳಿಸಿಕೊಂಡೆ.

ಎಡಗಡೆಯ ಗಾಜು ಗುದ್ದುತ್ತಿದ್ದವಳನ್ನು ಆಗ ನೋಡಿದೆ. ಅಕ್ಕ! ಗಾಜು ಇಳಿಯಲಿಲ್ಲ. ಕೊನೆಗೆ ಬಾಗಿಲು ತೆರೆದು ಹೆಂಡತಿಯೇ ಇಳಿದಳು. ಅಕ್ಕ ಎತ್ತಿದ ಕೈ ಎತ್ತಿದಂತೆಯೇ ನಿಂತಳು. ಎರಡು ವರ್ಷದ ಹಗೆ, ಇಷ್ಟು ದಿನದ ಅಭ್ಯಾಸ. ಇನ್ನು ಜಡೆ ಜಡೆ ಹಿಡಿಯುತ್ತಾರೆ ಎಂದುಕೊಂಡೆ.

ಹೆಂಡತಿ ಅಕ್ಕನ ಕೈಯ ಖಾಲಿ ಕೊಡ ನೋಡಿದಳು. "ಕುಬಸದ ದಿನಾನೂ ನೀರಿಲ್ಲೇನ ಮನ್ಯಾಗ?"

ಅಕ್ಕ ಎತ್ತಿದ ಕೈ ಇಳಿಸಿದಳು. "ಬಸರಿ ಹುಡುಗಿಗೆ ಎಣ್ಣಿ ಹಚ್ಚಿ ಕುಂಡ್ರಸೇನಿ ತಂಗಿ. ಮೈಮ್ಯಾಲ ಹಾಕಾಕ ಒಂದ ಚರಿಗಿ ನೀರಿಲ್ಲ."

ನನ್ನ ಹೆಂಡತಿಯ ಸಿಟ್ಟನ್ನು ನಾನು ಬಲ್ಲೆ ಎಂದುಕೊಂಡಿದ್ದೆ, ಬಲ್ಲವನಾಗಿರಲಿಲ್ಲ. ಅವಳು ಬಳೆಯ ಪೊಟ್ಟಣ ನನ್ನ ಕೈಗೆ ತುರುಕಿದಳು. "ರೀ, ಗಾಡಿ ಅಡ್ಡ ನಿಲ್ಲಸ್ರಿ. ಒಂದ ಸೈಕಲ್ ಸೈತ ದಾಟಬಾರದು."

"ಏ, ಇದು ನಮ್ಮ ಗಾಡಿ!"

"ಅದಕ್ಕ ಹೇಳಾಕತ್ತೇನಿ. ಇಷ್ಟ ಅಗಲದ್ದು ಮತ್ತ ಯಾತಕ್ಕ ತಗೊಂಡ್ರಿ?"

ನಿಲ್ಲಿಸಿದೆ. ಗಾಡಿ ಈ ಚರಂಡಿಯಿಂದ ಆ ಚರಂಡಿಯವರೆಗೆ ರಸ್ತೆ ಮುಚ್ಚಿತು. ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿ, ಅಕ್ಕನ ಪಕ್ಕದಲ್ಲಿ, ಗಾಡಿಯ ಮುಂದೆ, ಮಣ್ಣಿನಲ್ಲೇ ಕುಳಿತಳು. ಒಂದು ಬಸ್ಸು ಬಂದು ನಿಂತಿತು, ಹಿಂದೆ ಲಾರಿಗಳು ನಿಂತವು, ಕಂಡಕ್ಟರ್ ಯಾರ ಯಾರಿಗೋ ಫೋನ್ ಹಚ್ಚಿದ. ವರ್ಷಗಟ್ಟಲೆ ಅರ್ಜಿಗೆ ಬಾರದ ನೀರು ಮಧ್ಯಾಹ್ನದೊಳಗೆ ಟ್ಯಾಂಕರಿನಲ್ಲಿ ಬಂತು. ಮೊದಲ ಕೊಡ ಹುಡುಗಿಯ ನೆತ್ತಿಗೆ. ಎರಡನೆಯದನ್ನು ಅಕ್ಕ ಹೊಸ್ತಿಲ ಮುಂದೆ ಹಿಡಿದು ನಿಂತು, ತಂಗಿಯ ಮಣ್ಣಾದ ಕಾಲುಗಳನ್ನು ತಾನೇ ತೊಳೆದಳು.

ಊಟಕ್ಕೆ ಕುಳಿತಾಗ ನನ್ನ ಹೊಟ್ಟೆಯ ಉರಿ ತಡೆಯಲಿಲ್ಲ. "ದನದ ಗಾಡಿ ನೋಡಿದ್ನಿ, ಮಳಿಯಾಗ ತೊಯ್ದನಿ, ಊರ ಮುಂದ ಅಕ್ಕ ಆದ್ನಿ. ಎಲ್ಲಾ ನಿನ್ನ ಒಂದ ಮಾತಿಗೆ. ಕಡೀಕ ನೀ ನೆಲದ ಮ್ಯಾಲ ಕೂತ್ಯಲ್ಲಾ!"

ಅವಳು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದಳು: "ದೊಡ್ಡ ಗಾಡಿ ತಗೊಂಡ ಬರ್ತೇನಿ, ಮುಂದ ಕೂಡ್ತೇನಿ, ಊರ ಮಂದಿ ನೋಡ್ಲಿ ಅಂದಿದ್ನಿ. ಹಿಂದ ಕೂತೇನೇನು?"