ನನ್ನ ತಲೆಯೂ ಮಾವನವರ ತಾರಸಿಯೂ

ತಲೆ ತುಂಬ ಕೂದಲಿರುವ ಮನುಷ್ಯನಿಗೆ ಕೂದಲಿನ ಬಗ್ಗೆ ಯಾರೂ ಬುದ್ಧಿ ಹೇಳುವುದಿಲ್ಲ. ಬಾಚಣಿಗೆಯಲ್ಲಿ ನಾಲ್ಕು ಎಳೆ ಹೆಚ್ಚಾಗಿ ಕಂಡವು ಅನ್ನಿ, ಊರಿಗೆ ಊರೇ ವೈದ್ಯರಾಗಿಬಿಡುತ್ತದೆ. ಹಾಲಿನವನು ಈರುಳ್ಳಿ ರಸ ಅನ್ನುತ್ತಾನೆ. ಆಫೀಸಿನ ಹೆಡ್ ಕ್ಲಾರ್ಕು ಕರಿಬೇವು ಅನ್ನುತ್ತಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನ ಅಪರಿಚಿತರೊಬ್ಬರು ಭುಜ ತಟ್ಟಿ, "ತಪ್ಪು ತಿಳ್ಕೋಬೇಡಿ ಸಾರ್, ನೆಲ್ಲಿಕಾಯಿ ಹಚ್ಚಿ ನೋಡಿದೀರಾ?" ಅನ್ನುತ್ತಾರೆ. ತಪ್ಪು ತಿಳಿಯದೆ ಇನ್ನೇನು ತಿಳಿಯಲಿ? ಇಷ್ಟಕ್ಕೂ ಹೀಗೆ ಹೇಳುವವರ ತಲೆಗಳು ಹೇಳಿಕೊಳ್ಳುವಂತೇನೂ ಇರುವುದಿಲ್ಲ. ನಾನು ಮಾತ್ರ ಎಲ್ಲರ ಮಾತನ್ನೂ ಕೇಳಿದೆ.

ಕೇಳದೆ ವಿಧಿಯಿರಲಿಲ್ಲ. ನಮ್ಮ ವಂಶದ ಗಂಡಸರೆಲ್ಲ ಬೋಳುತಲೆಯವರೇ. ಆದರೆ ಹಿರಿಯರ ಕೂದಲಿಗೆ ಒಂದು ಮರ್ಯಾದೆಯಿತ್ತು. ಮದುವೆಯಾಗುವವರೆಗೆ ತಡೆದಿದ್ದು, ಹುಡುಗಿಯ ಕೊರಳಿಗೆ ತಾಳಿ ಬಿದ್ದ ಮೇಲೆಯೇ ಉದುರುತ್ತಿತ್ತು. ನನ್ನ ಕೂದಲು ಅಷ್ಟೂ ಕಾಯಲಿಲ್ಲ. ಜಾತಕ ಹೊರಗೆ ಹೊರಟ ವರ್ಷವೇ ನೆತ್ತಿ ಕಾಣಿಸತೊಡಗಿತು. ಆಗ ನಾನು ಹನುಮಂತನಗರದಲ್ಲಿ, ನನ್ನನ್ನು ಚಿಕ್ಕಂದಿನಿಂದ ಸಾಕಿದ ಸೋದರತ್ತೆ ಶಾರದತ್ತೆಯ ಜೊತೆ ಇದ್ದೆ. ಅವಳಿಗೆ ನನ್ನ ನೆತ್ತಿ ಮನೆತನದ ಮಾನದ ಪ್ರಶ್ನೆಯಾಯಿತು. "ಹುಡುಗಿ ಒಪ್ಪೋವರೆಗಾದ್ರೂ ಇರಿಸ್ಕೊಳ್ಳೋ, ಆಮೇಲೆ ನಿನ್ನಿಷ್ಟ" ಎಂದಳು, ಏನೋ ಎಲ್ಲವೂ ನನ್ನ ಕೈಯಲ್ಲೇ ಇದ್ದ ಹಾಗೆ.

ಅವಳ ತಲೆಯೆಣ್ಣೆ ಇದ್ದಿಲ ಒಲೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುದಿಯುತ್ತಿತ್ತು. ಅಂಟಂಟಾದ ಹರಳೆಣ್ಣೆಯೇ ಅದರ ಮೂಲ. ಅದಕ್ಕೆ ಮೆಂತ್ಯ, ಗರುಗದ ಸೊಪ್ಪು. ಎಣ್ಣೆ ಕಿವಿಯ ಮೇಲೆ ಇಳಿಯದೆ ತಲೆಯಲ್ಲೇ ಗಟ್ಟಿಯಾಗಿ ನಿಲ್ಲಲಿ ಎಂದು ಮೇಲೊಂದು ಉಂಡೆ ಜೇನುಮೇಣ. ಇಷ್ಟು ಸಾಲದೆಂದು ನಾನು ಅವಳಿಗೆ ತಿಳಿಯದ ಹಾಗೆ ಗಾಂಧಿಬಜಾರಿನಿಂದ ಬ್ರಿಲಿಯಂಟೈನ್ ಎಂಬ ಹಸಿರು ಮುಲಾಮಿನ ಡಬ್ಬಿ ತಂದು ಮೇಲಿನಿಂದ ಅದನ್ನೂ ಮೆತ್ತುತ್ತಿದ್ದೆ. ಇದ್ದ ಕೂದಲು ಒಂದಕ್ಕೊಂದು ಅಂಟಿಕೊಂಡು ಶಿಸ್ತಾಗಿ ಕಾಣುತ್ತಿತ್ತು. ಮಳೆಯಲ್ಲಿ ನೆನೆದು ಬಂದರೆ ಅಂಗಿ, ಪಂಚೆ ಎಲ್ಲ ತೊಪ್ಪೆಯಾಗಿರುತ್ತಿತ್ತು, ನೆತ್ತಿ ಮಾತ್ರ ಒಣಗಿರುತ್ತಿತ್ತು. ಇದನ್ನು ನಾನು ಎಣ್ಣೆಯ ಗುಣ ಎಂದೇ ತಿಳಿದು ಹೆಮ್ಮೆಪಟ್ಟೆ.

ಆಮೇಲೆ ತುರಿಕೆ ಶುರುವಾಯಿತು. ತುರಿಕೆಯ ಹಿಂದೆ ಗುಳ್ಳೆ, ಗುಳ್ಳೆಯ ಹಿಂದೆ ಡಾಕ್ಟರು. ನಮ್ಮ ಬೀದಿಯ ಡಾಕ್ಟರು ನನ್ನ ತಲೆಯನ್ನು ಒಂದು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಬಹಳ ಹೊತ್ತು ಒರೆಸಿಕೊಂಡರು. "ಏನ್ರೀ ಇದು, ತಲೆಗೆ ಎಣ್ಣೆ ಹಚ್ಚಿದೀರೋ ಡಾಂಬರು ಹಾಕಿದೀರೋ? ಚರ್ಮದಲ್ಲಿರೋ ರಂಧ್ರಗಳೆಲ್ಲ ಕಟ್ಟಿಕೊಂಡಿವೆ. ಒಳಗಿನ ಬೆವರು ಹೊರಗೆ ಬರೋ ಹಾಗಿಲ್ಲ. ಈ ಮೇಣ, ಈ ಮುಲಾಮು ಎಲ್ಲ ಬಿಟ್ಟುಬಿಡಿ. ಬರೀ ಸೀಗೆಪುಡಿ ಹಾಕಿ ತೊಳೀರಿ" ಎಂದರು. ಮನೆಗೆ ಬಂದು ಹೇಳಿದರೆ ಶಾರದತ್ತೆ, "ನಮ್ಮಪ್ಪನೂ ಇದೇ ಎಣ್ಣೆ ಹಚ್ತಿದ್ದಿದ್ದು" ಎಂದಳು. ಅವಳ ಅಪ್ಪನ ಫೋಟೋ ಗೋಡೆಯ ಮೇಲಿತ್ತು. ಪೇಟ ಹಾಕಿಕೊಂಡಿದ್ದರಿಂದ ಏನೂ ಗೊತ್ತಾಗುವಂತಿರಲಿಲ್ಲ.

ಆ ವಾರವೇ ಜಯನಗರದಿಂದ ಹೇಳಿಕಳಿಸಿದರು, ಭಾನುವಾರ ಹುಡುಗಿ ನೋಡಲು ಬನ್ನಿ ಎಂದು. ಹುಡುಗಿ ವನಜ. ನನಗೆ ಅವಳ ಪರಿಚಯವಿತ್ತು, ಅವಳಿಗೆ ನನ್ನದಿರಲಿಲ್ಲ. ಒಮ್ಮೆ ನಮ್ಮ ಬಸ್ಸಿನಲ್ಲಿ, ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಹತ್ತುವ ಮೊದಲೇ ಕಂಡಕ್ಟರು ಸೀಟಿ ಊದಿದಾಗ, "ಯಾಕ್ರೀ, ಮೈಸೂರಿಗೆ ಹೋಗ್ಬೇಕಾ ಈ ಬಸ್ಸು? ನಿಲ್ಸಿ!" ಎಂದು ಗದರಿದವಳು ಅವಳು. ಕಂಡಕ್ಟರು ನಿಲ್ಲಿಸಿದ. ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ, ಆದರೆ ಅಂದಿನಿಂದ ಅದೇ ಬಸ್ಸಿಗೆ ಕಾಯತೊಡಗಿದೆ. ಮದುವೆಯಾದರೆ ಈ ಹುಡುಗಿಯನ್ನೇ ಎಂದು ಮನಸ್ಸು ಹಟ ಹಿಡಿದಿತ್ತು.

ಭಾನುವಾರ ತಲೆ ತೊಳೆದುಕೊಂಡು ಎಣ್ಣೆಯಿಲ್ಲದೆ ಹೊರಟೆ. ಶಾರದತ್ತೆ ಬಾಗಿಲಿಗೆ ಅಡ್ಡ ನಿಂತಳು. "ಒಣಗಿದ ತಲೇಲಿ ಶುಭಕಾರ್ಯಕ್ಕೆ ಹೋಗ್ತಾರೇನೋ? ಸೂತಕದ ಮನೆಯವರು ಬಂದ್ರು ಅಂದ್ಕೋತಾರೆ!" ಎಂದು ಕೂರಿಸಿ, ಡಾಕ್ಟರ ಮೇಲಿನ ಸಿಟ್ಟನ್ನೂ ಸೇರಿಸಿ ಎರಡು ಪಟ್ಟು ಎಣ್ಣೆ ತಟ್ಟಿದಳು. ಕನ್ನಡಿಯಲ್ಲಿ ನೆತ್ತಿ ಅಷ್ಟಾಗಿ ಕಾಣಲಿಲ್ಲವಾದ್ದರಿಂದ ನಾನೂ ಸುಮ್ಮನಾದೆ.

ವನಜಳ ತಂದೆ ಶಾಮರಾಯರು ಸರ್ಕಾರಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಊರೂರಿಗೆ ಸೇತುವೆ ಕಟ್ಟಿಸಿ ಕೊನೆಗೆ ಜಯನಗರದಲ್ಲಿ ತಮ್ಮ ಮನೆ ಕಟ್ಟಿಸಿಕೊಂಡಿದ್ದರು. ಹಜಾರಕ್ಕೆ ಆಗತಾನೆ ತಿಳಿನೀಲಿ ಸುಣ್ಣ ಹೊಡೆಸಿದ್ದರು. ಮೂಲೆಯಲ್ಲೊಂದು ತಾಮ್ರದ ಕೊಳಗ. ಅಲಂಕಾರಕ್ಕೆ ಇಟ್ಟಿದ್ದಾರೆಂದುಕೊಂಡೆ. ಹೊರಗೆ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಸೂರಿನಿಂದ ಕೊಳಗದೊಳಕ್ಕೆ ಟಪ್ ಎಂದು ಹನಿ ಬಿತ್ತು. ರಾಯರು ಕೆಮ್ಮಿದರು. ಇನ್ನೊಂದು ಬಿತ್ತು, ಇನ್ನೊಮ್ಮೆ ಕೆಮ್ಮಿದರು. ಸೇತುವೆ ಕಟ್ಟಿಸಿದವರ ಮನೆ ಸೋರುವುದನ್ನು ನಾವು ಕೇಳಿಸಿಕೊಳ್ಳಲಿಲ್ಲ, ನನ್ನ ನೆತ್ತಿಯನ್ನು ಅವರು ನೋಡಲಿಲ್ಲ. ಮಾತುಕತೆ ಬಹಳ ಸೌಜನ್ಯದಿಂದ ನಡೆಯಿತು.

ವನಜ ಉಪ್ಪಿಟ್ಟು ತಂದಿಟ್ಟಳು. ಗಂಭೀರವಾಗಿ ಕಾಣಲೆಂದು ಹಿಂದಕ್ಕೆ ಒರಗಿ ಕೂತೆ, ಹೊರಡುವವರೆಗೂ ಒರಗಿಯೇ ಇದ್ದೆ. ಎದ್ದಾಗ ಶಾರದತ್ತೆಯ ಮುಖ ಬಿಳಿಚಿಕೊಂಡಿತು. ತಿರುಗಿ ನೋಡಿದರೆ, ತಿಳಿನೀಲಿ ಗೋಡೆಯ ಮೇಲೆ ದೋಸೆಯಷ್ಟಗಲದ ದುಂಡನೆಯ ಕಪ್ಪು ಗುರುತು! ವನಜ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗಿನಿಂದ ನಗು ಕೇಳಿಸಿತು. ರಾಯರು ಗೋಡೆಯನ್ನೇ ನೋಡುತ್ತ, "ಆಗಲಿ, ತಿಳಿಸ್ತೀವಿ" ಎಂದರು.

ತಿಳಿಸಲಿಲ್ಲ. ಮಳೆಗಾಲ ಮುಗಿಯುತ್ತ ಬಂದರೂ ಸುದ್ದಿಯಿಲ್ಲ. "ಬಿಡೋ, ಅವರ ಗೋಡೆಗೆ ನಿನ್ನ ತಲೆ ತಾಗಿದ್ದೇ ಹೆಚ್ಚು" ಎಂದಳು ಶಾರದತ್ತೆ. ನನಗೆ ನಿಜವಾಗಿ ಸಂಕಟವಾಗಿತ್ತು. ಅನ್ನ ಸೇರುತ್ತಿರಲಿಲ್ಲ. ವನಜಳೆದುರು ಬೀಳುವ ಧೈರ್ಯವಿಲ್ಲದೆ ಆ ಬಸ್ಸು ಬಿಟ್ಟು ಆಫೀಸಿಗೆ ನಡೆದೇ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಶಾಮರಾಯರೇ ಮನೆಗೆ ಬಂದರು. ಅವರು ಕಾಫಿಯನ್ನೂ ಮುಟ್ಟದೆ, "ನೀವು ತಲೆಗೆ ಹಚ್ಚೋದೇನು?" ಎಂದರು.

"ಯಾಕೆ ಸಾರ್?"

"ಮೂರು ಸಲ ಸುಣ್ಣ ಹೊಡೆಸ್ದೆ. ಒಣಗೋದೇ ತಡ, ಆ ಗುರುತು ಮತ್ತೆ ಮೇಲೆ ಬರುತ್ತೆ."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. "ಅದಲ್ಲ ವಿಷಯ. ಮೊನ್ನೆಯ ಮಳೆಗೆ ಆ ಗೋಡೆಯೆಲ್ಲ ತೇವ ಕುಡೀತು. ನಿಮ್ಮ ತಲೆ ತಾಗಿದ ಕಡೆ ಮಾತ್ರ ಒಣಗಿತ್ತು. ನೀರು ಎರಚಿ ನೋಡ್ದೆ, ಒಂದು ಹನಿ ಇಳೀಲಿಲ್ಲ! ನಮ್ಮ ತಾರಸಿ ಗಾರೆ ತುಂಬ ಸಣ್ಣ ರಂಧ್ರ. ಏನು ಬಳಿದ್ರೂ ಸೋರುತ್ತೆ. ಅದಕ್ಕೆ ಕೇಳ್ತಿದೀನಿ, ಆ ಎಣ್ಣೆಗೆ ಏನೇನು ಹಾಕ್ತೀರಿ?"

ನಾನು ಹೇಳಿಬಿಡುತ್ತಿದ್ದೆ. ಶಾರದತ್ತೆ ಅಡುಗೆಮನೆಯಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. "ಅದು ನಮ್ಮ ಮನೆತನದ ಎಣ್ಣೆ. ಹೊರಗಿನವರಿಗೆ ಹೇಳೋ ಪದ್ಧತಿ ಇಲ್ಲ" ಎಂದವಳು ಕಾಫಿ ಲೋಟವನ್ನು ಅವರತ್ತ ಸರಿಸಿ, "ಬೀಗರಾದ್ರೆ ಆ ಮಾತು ಬೇರೆ" ಎಂದಳು.

ರಾಯರು ತಣ್ಣಗಾದ ಕಾಫಿಯನ್ನು ನಿಧಾನವಾಗಿ ಕುಡಿದರು. "ವನಜಳನ್ನ ಕೇಳ್ಬೇಕಲ್ಲಮ್ಮ" ಎಂದರು.

ವನಜ ಒಪ್ಪಿದಳು. ಯಾಕೆ ಎಂದು ಮದುವೆಯಾದ ಮೇಲೆ ಕೇಳಿದೆ. "ನೋಡೋಕೆ ಬಂದ ಬೇರೆಯವರ ಮುಖ ಒಂದೂ ನೆನಪಿಲ್ಲ. ನಿಮ್ಮದು ಮರೆಯೋಣ ಅಂದ್ರೆ ದಿನಾ ಗೋಡೆ ಮೇಲೆ ಬರ್ತಿತ್ತು. ಮೊದಲು ನಗು ಬರ್ತಿತ್ತು. ಆಮೇಲೆ ಸುಣ್ಣ ಹೊಡೆದ ದಿನ, ಇನ್ನೂ ಯಾಕೆ ಮೂಡ್ಲಿಲ್ಲ ಅಂತ ನಾನೇ ಹೋಗಿ ಹೋಗಿ ನೋಡ್ತಿದ್ದೆ" ಎಂದಳು.

ಧಾರೆಯ ಮಾರನೆಯ ವಾರವೇ ಜಯನಗರದ ಹಿತ್ತಲಲ್ಲಿ ಹಂಡೆ ಏರಿತು. ಶಾರದತ್ತೆ ನಿಂತು ಕುದಿಸಿದಳು, ಮಾವನವರು ನಿಂತು ಬಳಿಸಿದರು. ಮೆಂತ್ಯ ಬೇಡವೆಂದರೂ ಅವಳು ಬಿಡಲಿಲ್ಲ. ತಾರಸಿ ಅಂದಿನಿಂದ ಒಂದು ಹನಿಯೂ ಸೋರಿಲ್ಲ. ತಾಮ್ರದ ಕೊಳಗ ಈಗ ನಿಜವಾಗಿಯೂ ಅಲಂಕಾರಕ್ಕಿದೆ. ಸೀಗೆಪುಡಿಯ ವಿಷಯವನ್ನು ಈ ಸಡಗರದಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆತನದ ಎಣ್ಣೆಗೆ ಅಷ್ಟು ಹೆಸರು ಬಂದಿರುವಾಗ ಮನೆಮಗನೇ ಅದನ್ನು ಬಿಡುವುದು ಹೇಗೆ?

ಈಗ ಮನೆ ಕಟ್ಟಿಸುತ್ತಿರುವವರು ಮಾವನವರ ತಾರಸಿ ನೋಡಲು ಬರುತ್ತಾರೆ. ಮಾವನವರು ಅವರ ಜೊತೆ ನನ್ನನ್ನೂ ಕರೆದುಕೊಂಡು ಮೇಲೆ ಹತ್ತುತ್ತಾರೆ. ಅಕ್ಕಪಕ್ಕದ ತಾರಸಿಗಳ ಬಿರುಕಿನಲ್ಲಿ ಹುಲ್ಲು, ಅರಳಿ ಸಸಿ ಎಲ್ಲ ಎದ್ದಿರುವುದನ್ನು ತೋರಿಸಿ, "ನಮ್ಮದು ನೋಡಿ. ಒಂದು ಸಲ ಈ ಎಣ್ಣೆ ಕುಡೀತು ಅಂದ್ರೆ ಮುಗೀತು, ಜನ್ಮದಲ್ಲಿ ಒಂದು ಗರಿಕೆ ಮೊಳೆಯಲ್ಲ" ಎನ್ನುತ್ತಾರೆ. ಬಂದವರು ಮೊದಲು ತಾರಸಿಯನ್ನು ನೋಡುತ್ತಾರೆ. ಆಮೇಲೆ ಪಕ್ಕದಲ್ಲಿ ನಿಂತ ನನ್ನ ತಲೆಯನ್ನು ನೋಡುತ್ತಾರೆ. ಅದುವರೆಗೆ ಅನುಮಾನವಿದ್ದವರಿಗೂ ಆಗ ಪೂರ್ತಿ ನಂಬಿಕೆ ಬರುತ್ತದೆ.