ನಲವತ್ತರ ಸ್ಪೀಡಿನ ತೀರ್ಪುಗಾರರು

ನಮ್ಮ ದೊಡ್ಡಪ್ಪನ ಚಿತ್ರಗಳನ್ನು ನೋಡಿದಷ್ಟು ಜನ ದಾವಣಗೆರೆಯಲ್ಲಿ ಬೇರೆ ಯಾರ ಚಿತ್ರವನ್ನೂ ನೋಡಿರಲಾರರು. ನೋಡುವಾಗ ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು, ಅಷ್ಟೇ! ಲಾರಿಗಳ ಹಿಂಬದಿಗೆ, ಅಂಗಡಿಗಳ ಗೋಡೆಗೆ ಗುಡ್ಡ, ಹೊಳೆ ಬರೆಯುವುದು ಅವರ ಕಸುಬು. ಸ್ಟಿಕ್ಕರು, ಫ್ಲೆಕ್ಸು ಬಂದ ಮೇಲೆ ಕೆಲಸ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

ಇಂಥವರನ್ನು ನಿಸರ್ಗಚಿತ್ರ ಪ್ರದರ್ಶನಕ್ಕೆ ಮೂರನೇ ತೀರ್ಪುಗಾರರಾಗಿ ಕರೆಸಿದ ಪಾಪ ನನ್ನದೇ. ಪ್ರದರ್ಶನದ ಉಸ್ತುವಾರಿ ನನ್ನದು; ಬರಬೇಕಾದವರೊಬ್ಬರು ಕಡೇ ಗಳಿಗೆಯಲ್ಲಿ ಕೈಕೊಟ್ಟಿದ್ದರು. ನಿಟ್ಟುವಳ್ಳಿಯ ದೊಡ್ಡಪ್ಪನ ಮನೆಗೆ ಫೋನ್ ಮಾಡಿದೆ.

"ಖರೇನಾ? ನನ್ನ ಆರ್ಟಿಸ್ಟ್ ಅಂತ ಕರ್ದಾರಾ?"

ಅಷ್ಟು ವರ್ಷ ಬ್ರಷ್ ಹಿಡಿದರೂ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಪೇಂಟರ್ ಅನ್ನುತ್ತಿದ್ದರು, ಕಿಟಕಿಗೆ ಬಣ್ಣ ಬಳಿಯಲು ಬರ್ತೀಯಾ ಎಂದೂ ಕೇಳುತ್ತಿದ್ದರು. ಈಗ ದೊಡ್ಡ ದೊಡ್ಡವರ ಎದುರು ಇವರು ನಗೆಪಾಟಲಾದರೆ ಗತಿಯೇನು? ನನಗೆ ಅದೇ ಚಿಂತೆ.

ಪ್ರದರ್ಶನದ ದಿನ ದೊಡ್ಡಪ್ಪ ಕೆ.ಬಿ. ಬಡಾವಣೆಯ ಸಭಾಂಗಣಕ್ಕೆ ಗರಿಗರಿ ಅಂಗಿ ತೊಟ್ಟು ಬಂದರು. ಉಳಿದ ಇಬ್ಬರು ತೀರ್ಪುಗಾರರು ಚಿತ್ರಕಲೆಯ ಮೇಷ್ಟ್ರುಗಳು. ಕ್ಯಾನ್ವಾಸಿಗೆ ಮೂಗು ತಾಗಿಸಿ ನೋಡುತ್ತಿದ್ದರು. ದೊಡ್ಡಪ್ಪ ಬಾಗಿಲಿನಿಂದ ಹೊರಟವರು ಒಂದೇ ಸಮನೆ ಎಲ್ಲ ಚಿತ್ರಗಳನ್ನು ದಾಟಿ ಆ ತುದಿ ಮುಟ್ಟಿಬಿಟ್ಟರು!

"ಯಾಕ್ರೀ ಓಡ್ತೀರಿ?" ಎಂದರು ಒಬ್ಬ ಮೇಷ್ಟ್ರು.

"ನಲವತ್ತರ ಸ್ಪೀಡಿನಾಗೆ ನೋಡಿದ್ರೂ ಇದು ಗುಡ್ಡ ಅಂತ ಗೊತ್ತಾಗ್ಬೇಕ್ರಿ. ಹಿಂದಿನ ಗಾಡಿ ಡ್ರೈವರ್ ಕುರ್ಚಿ ಹಾಕ್ಕಂಡು ನೋಡ್ತಾನಾ?"

ಜನ ಗೊಳ್ಳೆಂದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಆ ಮೇಷ್ಟ್ರು ತಾವೂ ಒಮ್ಮೆ ಬಿರುಸಾಗಿ ನಡೆದು ನೋಡಿ, "ಹೌದಲ್ರೀ!" ಎಂದರು. ಕಾಲು ಗಂಟೆಯಲ್ಲಿ ಮೂವರೂ ಆ ತುದಿಯಿಂದ ಈ ತುದಿಗೆ ದಾಪುಗಾಲು! ವಾಚ್‌ಮನ್ ನನ್ನ ಹತ್ತಿರ ಬಂದು, "ಸಾಹೇಬ್ರಿಗೆ ಶುಗರ್ ಏನ್ರಿ?" ಎಂದು ಕೇಳಿದ.

ಬರೀ ನೀಲಿ ಬಳಿದಿದ್ದ ಒಂದು ಚಿತ್ರದ ಮುಂದೆ ಅದರ ಕಲಾವಿದ ಗಡ್ಡ ನೀವುತ್ತ ನಿಂತಿದ್ದ. ದೊಡ್ಡಪ್ಪ ಬೆನ್ನು ತಟ್ಟಿದರು.

"ಮೊದಲ್ನೇ ಕೋಟು ಚೆಂದ ಬಂದೈತೆ. ಗುಡ್ಡ ಯಾವಾಗ ಬರೀತೀಯಪ್ಪ?"

ಕೊನೆಯ ಚಿತ್ರದ ಹತ್ತಿರ ಮಾತ್ರ ಅವರ ಕಾಲು ನಿಂತೇಬಿಟ್ಟಿತು. ಹರಿಹರದ ಒಂದು ಓಣಿ, ಹಿಟ್ಟಿನ ಗಿರಣಿ, ಅದರ ಗೋಡೆಯ ಮೇಲೆ ಮಾಸಿದ ಹೊಳೆಯ ಚಿತ್ರ. ಮೇಷ್ಟ್ರುಗಳಿಬ್ಬರೂ ಅದಕ್ಕೇ ಹೆಚ್ಚು ಅಂಕ ಕೊಟ್ಟಿದ್ದರು. ದೊಡ್ಡಪ್ಪ ಅಂಕದ ಜಾಗ ಖಾಲಿ ಬಿಟ್ಟರು.

"ಯಾಕ ದೊಡ್ಡಪ್ಪಾ?"

"ಅದು ನಾನು ಬರ್ದ ಗೋಡೆ ಕಣಲೇ. ನನಗೆ ನಾನೇ ಹೆಂಗೆ ಮಾರ್ಕ್ಸ್ ಹಾಕ್ಕಳ್ಲಿ?"

ಹೀಗಾಗಿ ಆ ಚಿತ್ರ ಎರಡನೇ ಸ್ಥಾನಕ್ಕೆ ಇಳಿಯಿತು. ಬಹುಮಾನ ಹಂಚಿದ ಮೇಲೆ ಅದನ್ನು ಬರೆದ ಹರಿಹರದ ಹುಡುಗಿ ಅಳುಮುಖ ಮಾಡಿಕೊಂಡು ಬಂದಳು.

"ನನ್ನ ಚಿತ್ರದಾಗೆ ಏನು ತಪ್ಪಿತ್ರೀ ಅಜ್ಜಾರೇ?"

ದೊಡ್ಡಪ್ಪ ತಲೆ ತಗ್ಗಿಸಿದರು. ನಾನೇ ವಿಷಯ ಹೇಳಿದೆ. ಅವಳು ಕಣ್ಣು ಅರಳಿಸಿದಳು.

"ಅದು ನೀವು ಬರ್ದಿದ್ದಾ? ಹಿಟ್ಟು ಹಾಕ್ಸಾಕೆ ಹೋದಾಗೆಲ್ಲ ಅದನ್ನೇ ನೋಡ್ಕಂತ ಕುಂತಿರ್ತಿದ್ದೆ. ನಾನು ಚಿತ್ರ ಕಲ್ತಿದ್ದೇ ಅದನ್ನ ನೋಡಿ."

ಚೀಲದಿಂದ ಬಣ್ಣ, ಸಣ್ಣ ಬ್ರಷ್ ತೆಗೆದು ಅವರ ಕೈಗಿಟ್ಟಳು. "ನನ್ನ ಚಿತ್ರದಾಗಿನ ಆ ಗೋಡೆ ಮೇಲೆ ನಿಮ್ಮ ಹೆಸ್ರು ಬರೀರಿ ಅಜ್ಜಾ."

ಸಾವಿರಾರು ಲಾರಿಗಳ ಮೇಲೆ ಕಂಡವರ ಹೆಸರನ್ನೆಲ್ಲ ಬರೆದ ಕೈ ಆ ಪುಟ್ಟ ಗೋಡೆಯ ಮೇಲೆ ತನ್ನ ಹೆಸರಿಗೆ ಜಾಗ ಹುಡುಕಿತು. ಹುಡುಗಿ ಅವರ ಮೊಣಕೈ ಹಿಡಿದು ಹೊಳೆಯ ದಡಕ್ಕೆ ತಂದಳು. ಅವರು ಏನು ಬರೆದರೋ, ಕಣ್ಣು ತುಂಬಿ ನನಗೆ ಓದಲಾಗಲಿಲ್ಲ.