ಆನೆ ಹಿಡಿಸದ ಚಾರ್ಟು

ಗುಮಾಸ್ತ ಬೆಳಬೆಳಗ್ಗೆ ಬಾಯಿ ಬಿಟ್ಟದ್ದೇ ತಪ್ಪಾಯಿತು. "ಮಧ್ಯಾಹ್ನ ಸಮಿತಿಯವರು ಬರ್ತಿದಾರೆ. ಪ್ರಾಣಿಗಳ ತೂಕಾನ ಚಾರ್ಟ್ ಮಾಡಿ ತೋರಿಸ್ಬೇಕು. ಯಾರಿಗೆ ಬರುತ್ತೆ?" ಎಂದು ಮೃಗಾಲಯದ ನಿರ್ದೇಶಕರು ಕೇಳಿದಾಗ ಉಳಿದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಇವನೊಬ್ಬ, "ನಂಗೆ ಬರುತ್ತೆ ಸಾರ್" ಎಂದ.

ಬರುತ್ತಿರಲಿಲ್ಲ. ಆದರೆ ಅವನಿಗೆ ಒಂದು ಆಸೆಯಿತ್ತು. ಅವನ ಮೇಜು ಇದ್ದದ್ದು ಹಿಂದಿನ ಕೋಣೆಯಲ್ಲಿ; ಕಿಟಕಿಯಾಚೆ ಕತ್ತೆಕಿರುಬದ ಬೋನು. ಅದರ ನಾತ ಅಂಗಿಗೆ, ತಲೆಗೂದಲಿಗೆ, ಊಟದ ಡಬ್ಬಿಗೂ ಅಂಟಿಕೊಂಡಿತ್ತು. ಬಸ್ಸು ಎಷ್ಟೇ ತುಂಬಿರಲಿ, ಅವನ ಪಕ್ಕದ ಸೀಟು ಖಾಲಿ. ಹೆಂಡತಿ ಬಾಗಿಲಲ್ಲೇ ಸೋಪು ಟವೆಲು ಹಿಡಿದು ನಿಂತು, "ಮೊದಲು ಬಚ್ಚಲು, ಆಮೇಲೆ ಮಾತು" ಎನ್ನುತ್ತಿದ್ದಳು. ಮುಂದಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಒಂದು ಮೇಜು ಖಾಲಿ ಬಿದ್ದಿತ್ತು.

"ಚಾರ್ಟ್ ಚೆನ್ನಾಗಿ ಬಂದ್ರೆ ಆ ಮೇಜು ನಿಂದು," ಎಂದರು ನಿರ್ದೇಶಕರು, ಒಂದು ಮಾರು ದೂರ ನಿಂತೇ. "ಕೆಟ್ರೆ, ನಿನ್ನ ಕೆಲಸಾನೇ ನಿಂದಲ್ಲ."

ಕೆಲಸವೇನೋ ಸರಳವಾಗಿಯೇ ಇತ್ತು. ತೂಕದ ಯಂತ್ರ ಎಲ್ಲ ಪ್ರಾಣಿಗಳ ತೂಕವನ್ನೂ ಒಂದು ಎಕ್ಸ್‌ಎಂಎಲ್ ಫೈಲಿಗೆ ಬರೆದಿಡುತ್ತಿತ್ತು. ನಡುವೆ ಹೆಸರು, ತೂಕ. ಹಿಂದೆ ಮುಂದೆ ಚೂಪು ಗುರುತುಗಳು. ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆ ಬೋನಿನಲ್ಲಿ ಕೂಡಿಹಾಕಿದ ಹಾಗೆ. ಗುಮಾಸ್ತ ಅದನ್ನು ಫೈಲು ತಿದ್ದುವ ಎಡಿಟರಿನಲ್ಲಿ ತೆರೆದ. ಹೆಸರು ಕೆಳಗೆ ಬರಲಿ, ತೂಕ ಕಂಬವಾಗಲಿ ಎಂದು ಆರಿಸಿ, ಚಾರ್ಟಿನ ಗುಂಡಿ ಒತ್ತಿದ. ಚಾರ್ಟು ಬಂದೇಬಿಟ್ಟಿತು! ತನಗೆ ಇದು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಆದರೆ ಪರದೆಯ ಮೇಲೆ ಕಂಡದ್ದು ಒಂದೇ ಕಂಬ. ಆನೆ. ಮೃಗಾಲಯಕ್ಕಿದ್ದ ಒಂದೇ ಒಂದು ಆನೆ ಪರದೆಯ ನೆತ್ತಿ ಮುಟ್ಟಿ ನಿಂತಿತ್ತು. ಮಿಕ್ಕ ಪ್ರಾಣಿಗಳೆಲ್ಲ ಅದರ ಕಾಲಬುಡದಲ್ಲಿ ಗುಡಿಸಿಟ್ಟ ಕಸದಂತೆ ಬಿದ್ದಿದ್ದವು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಆಮೆಗಳನ್ನು ನೋಡಿಕೊಳ್ಳುವ ಆಮೆಯಜ್ಜ ಓಡಿಬಂದ.

"ಎಲ್ಲಪ್ಪಾ ನನ್ನ ಆಮೆ?"

"ಇಲ್ಲೇ ಇದೆಯಲ್ಲ ಅಜ್ಜಾ, ಈ ಗೆರೆ."

"ಯಾವ ಗೆರೆ?"

"ಸ್ವಲ್ಪ ಬಗ್ಗಿ ನೋಡಿ."

ಅಜ್ಜ ಬಗ್ಗಿ, ಕನ್ನಡಕ ಒರೆಸಿಕೊಂಡು ನೋಡಿದ. "ಇದು ಧೂಳು ಕಣೋ!" ಎಂದು ಉಗುರಿನಿಂದ ಕೆರೆದ. ಹೋಗಲಿಲ್ಲ. ಹಾಗಾದರೆ ಆಮೆಯೇ. "ಕೈಯಾರೆ ಸೊಪ್ಪು ತಿನ್ನಿಸಿ ಸಾಕಿದ್ದು ಇಷ್ಟಕ್ಕಾ? ಸಮಿತಿಯವರು ನನ್ನ ಆಮೆ ಸತ್ತೋಗಿದೆ ಅಂದ್ಕೊಳ್ಳಲ್ವಾ?"

ಅವನ ಹಿಂದೆಯೇ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಆಫೀಸಿನ ಹೆಡ್‌ಕ್ಲಾರ್ಕ್ ದೊಡ್ಡಕ್ಕ ಬಂದಳು. "ಕಂಬ ಬೇಡ ಕಣೋ, ದುಂಡಗೆ ಮಾಡು."

ದುಂಡಗೆ ಮಾಡಿದ. ಇಡೀ ದುಂಡನ್ನು ಆನೆಯೇ ನುಂಗಿತು. ಉಳಿದವರಿಗೆಲ್ಲ ಸೇರಿ ಸಿಕ್ಕಿದ್ದು ಬಳೆಯಲ್ಲಿನ ಬಿರುಕಿನಷ್ಟು ಜಾಗ.

"ಆನೇನೇ ತೆಗೆದ್ಹಾಕು," ಎಂದಳು ದೊಡ್ಡಕ್ಕ. "ಆನೆ ದಪ್ಪ ಅಂತ ತಿಳ್ಕೊಳ್ಳೋಕೆ ಸಮಿತಿ ಬೇಕಾ?"

ಗುಮಾಸ್ತನಿಗೂ ಹೌದೆನ್ನಿಸಿತು. ಫೈಲಿನಿಂದ ಆನೆಯ ಸಾಲುಗಳನ್ನು ಕತ್ತರಿಸಿ, ಸೇವ್ ಮಾಡಿ, ಮತ್ತೆ ಕಂಬದ ಚಾರ್ಟು ಮಾಡಿದ. ದೊಡ್ಡ ಮನುಷ್ಯ ಎದ್ದುಹೋದ ಮೇಲೆ ಚಿಕ್ಕವರೆಲ್ಲ ಎದೆ ಸೆಟೆಸುವಂತೆ ಪ್ರಾಣಿಗಳೆಲ್ಲ ಸರಸರನೆ ಬೆಳೆದವು. ಆಮೆಗೂ ಗೇಣುದ್ದದ ಕಂಬ ಬಂತು. ಅಜ್ಜ ಪರದೆಯ ಮೈದಡವಿ ಹೊರಟ.

ಉಗ್ರಾಣದ ಕಂಪ್ಯೂಟರು ಅದೇ ಫೈಲು ಓದಿಕೊಂಡು ಮೇವು ಅಳೆಯುತ್ತದೆ ಎಂಬುದನ್ನು ಗುಮಾಸ್ತನಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆನೆಯೇ ಹೇಳಿತು. ಅದರ ಘೀಳಿಗೆ ಕತ್ತೆಕಿರುಬ ಕೂಡ ಬಾಯಿ ಮುಚ್ಚಿಕೊಂಡಿತು. ಹಿಂದೆಯೇ ಮಾವುತ ಬಾಗಿಲು ಒದ್ದು ಬಂದ.

"ಯಾವನಯ್ಯಾ ನನ್ನ ಆನೇನ ಕೊಂದವನು?"

"ಕೊಂದಿಲ್ಲ ಅಣ್ಣಾ... ತೆಗೆದೆ, ಅಷ್ಟೆ."

"ಕಂಪ್ಯೂಟರಲ್ಲಿ ಆನೆ ಇಲ್ಲ, ಇಲ್ಲದ ಆನೆಗೆ ಮೇವಿಲ್ಲ ಅಂತಾನೆ ಉಗ್ರಾಣದವನು! ಅದು ಆಗ್ಲೇ ನೀರಿನ ಪೈಪು ಕಿತ್ತಿದೆ. ಮುಂದಿನದು ನಿನ್ನ ಬಾಗಿಲು. ದಾರಿ ನಾನೇ ತೋರಿಸ್ತೀನಿ."

ಗುಮಾಸ್ತ ಗಡಿಬಿಡಿಯಲ್ಲಿ ಫೈಲು ತೆರೆದ. ಕತ್ತರಿಸಿದ ಸಾಲುಗಳನ್ನು ಅಂಟಿಸಿದ. ಕಂಪ್ಯೂಟರು ಮಿಸುಕಲಿಲ್ಲ. ಇನ್ನೊಮ್ಮೆ ಅಂಟಿಸಿದ. ಕಣ್ಣುಮುಚ್ಚಿ ಸೇವ್ ಮಾಡಿದ. ಸ್ವಲ್ಪ ಹೊತ್ತಿಗೆ ಮೇವಿನ ಗಾಡಿ ಕಿಟಕಿಯಾಚೆ ಸಾಗಿತು, ಘೀಳು ನಿಂತಿತು. ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸಭೆಯಿಂದ ಕರೆ ಬಂತು.

ಚಾರ್ಟು ಫೈಲಿಗೆ ಗಂಟುಬಿದ್ದದ್ದು. ಫೈಲು ಬದಲಾದರೆ ತಾನೂ ಬದಲಾಗುತ್ತದೆ. ಸಭೆಯ ಗೋಡೆಯ ಮೇಲೆ ಅದು ಮೂಡಿತು. ಹೆಬ್ಬಾಗಿಲ ಕಂಬಗಳಂತೆ ಎರಡು ಆನೆಗಳು ನಿಂತಿದ್ದವು; ಅಂಟಿಸಿದ್ದು ಎರಡೂ ಸಲ ಅಂಟಿತ್ತು. ಆಮೆ ಮತ್ತೆ ಧೂಳಾಗಿತ್ತು.

"ಓಹೋ, ಎರಡು ಆನೆ!" ಎಂದರು ಸಮಿತಿಯ ಅಧ್ಯಕ್ಷೆ. "ಎರಡೂ ಒಂದೇ ತೂಕ! ಒಂದು ಕೇಜಿ ಹೆಚ್ಚಿಲ್ಲ, ಒಂದು ಕೇಜಿ ಕಮ್ಮಿ ಇಲ್ಲ. ಪ್ರಾಣಿ ಸಾಕೋದು ಅಂದ್ರೆ ಇದು ಕಣ್ರೀ!"

ನಿಜ ಹೇಳಲೆಂದು ನಿರ್ದೇಶಕರು ಬಾಯಿ ತೆರೆದಿದ್ದರು. ಹೊಗಳಿಕೆ ಒಳಗೆ ಹೋದದ್ದೇ ಮುಚ್ಚಿಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಇಲ್ಲದ ಆನೆಯೇ ಮಾನ ತಂದಿತ್ತು.

ಅಧ್ಯಕ್ಷೆ ಬಾಗಿಲಲ್ಲಿದ್ದ ಮಾವುತನ ಕಡೆ ತಿರುಗಿದರು. "ಏನಪ್ಪಾ, ಎರಡೂ ಚೆನ್ನಾಗಿ ತಿಂತಾವಾ?"

ಮಾವುತ ಈಗತಾನೇ ಎರಡು ಪಾಲು ಮೇವು ಇಳಿಸಿಕೊಂಡು ಬಂದಿದ್ದ. "ಎರಡು ಪಾಲೂ ಖಾಲಿ ಆಗ್ತಿದೆ ತಾಯಿ," ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಬರ್ತಾ ನಾನು ಒಂದೇ ಲಾಯ ನೋಡ್ದೆ, ಎರಡನ್ನೂ ಅದ್ರಲ್ಲೇ ಇಟ್ಟಿದೀರಾ? ಛೆ ಛೆ! ಪಕ್ಕದಲ್ಲಿ ಏನಿದೆ?"

"ನಮ್ಮ ಮುಂದಿನ ಆಫೀಸು ಮೇಡಂ," ಎಂದರು ನಿರ್ದೇಶಕರು ಕ್ಷೀಣವಾಗಿ.

"ನಡುವಿನ ಗೋಡೆ ಒಡೆಸಿ. ಎರಡನೇ ಆನೆಗೆ ಆ ಜಾಗ ಕೊಡಿ. ನೀವೆಲ್ಲ ಹಿಂದಿನ ಕೋಣೇಲಿ ಕೂತ್ಕೊಳ್ಳಿ. ಇವತ್ತೇ ಆಗ್ಬೇಕು."

ಸಂಜೆಯೊಳಗೆ ಆಫೀಸಿಗೆ ಆಫೀಸೇ ಹಿಂದಿನ ಕೋಣೆಗೆ ಬಂತು. ಬೇರೆಲ್ಲೂ ಹಿಡಿಸದೆ ನಿರ್ದೇಶಕರ ಮೇಜು ಕಿಟಕಿಗೆ ಒತ್ತಿಕೊಂಡು ಕೂತಿತು. ಗುಮಾಸ್ತ ತನ್ನ ಡಬ್ಬಿ, ಕೊಡೆ ಎತ್ತಿಕೊಂಡು ನಿಂತ. "ಸಾರ್, ನಾನು... ನಾಳೆಯಿಂದ ಬರೋದು ಬೇಡ್ವಾ?"

"ನಿನ್ನ ತೆಗೆದ್ರೆ ಯಾಕೆ ಅಂತ ಸಮಿತಿಯವರು ಕೇಳ್ತಾರೆ," ಎಂದರು ನಿರ್ದೇಶಕರು ಕರವಸ್ತ್ರದೊಳಗಿಂದ. "ನಾನು ಏನಂತ ಹೇಳ್ಲಿ? ಕೂತ್ಕೋ ಮಾರಾಯ."

ಬದುಕಿದೆಯಾ ಬಡಜೀವವೇ ಎಂದು ಅವನು ಅದೇ ಹಳೆಯ ಮೇಜಿನ ಮುಂದೆ ಕುಸಿದ. ದೊಡ್ಡಕ್ಕ ಮೊಳಕೈಗೆ ಮೊಳಕೈ ತಾಗುವಷ್ಟು ಹತ್ತಿರ ಕೂತಿದ್ದಳು. ಈ ಕೆಲಸಕ್ಕೆ ಸೇರಿದ ಮೇಲೆ ಯಾರೊಬ್ಬರೂ ಅವನಿಂದ ದೂರ ಸರಿಯದ ಮೊದಲ ದಿನ ಇದು. ಮನಸ್ಸು ಹತ್ತಿಯಂತೆ ಹಗುರಾಯಿತು. ಗುಮಾಸ್ತ ನೆಮ್ಮದಿಯಿಂದ ಎದೆ ತುಂಬ ಉಸಿರೆಳೆದುಕೊಂಡ. ಎಳೆದುಕೊಂಡ ಮೇಲೆ ನೆನಪಾಯಿತು: ಈ ಕೋಣೆಯಲ್ಲಿ ಆ ತಪ್ಪು ಮಾಡಬಾರದು.